ಕಾರಿಗೆ ಕುಬುಸ

ನಮ್ಮನೆಯವರು ಕಾರು ತೊಳೆಯುವುದನ್ನು ನೀವು ನೋಡಬೇಕು. ಹೆತ್ತ ಮಗನಿಗೆ ಒಂದು ದಿನ ಎಣ್ಣೆ ಹಚ್ಚಿ ನೀರು ಹಾಕಿದವರಲ್ಲ. ಆದರೆ ಸೆಕೆಂಡ್ ಹ್ಯಾಂಡಿನಲ್ಲಿ ತಂದ ಆ ಕಪ್ಪು ಕಾರಿಗೆ ಮಾತ್ರ ದಿನಾ ಶಾಂಪೂ ಸ್ನಾನ. ಒರೆಸೋಕೆ ಬೇರೆ ಟವೆಲ್. ಆ ಟವೆಲ್ಲನ್ನು ನಾನು ಮುಟ್ಟುವ ಹಾಗಿಲ್ಲ.

ಸಂಡೂರು ಸೀಮೆಯಲ್ಲಿ ಕಪ್ಪು ಕಾರು ಕೊಳ್ಳುವುದೇ ಒಂದು ತಮಾಷೆ. ಅದಿರು ಲಾರಿ ಓಡಾಡುವ ರಸ್ತೆ ಪಕ್ಕ ಯಾವ ಬಣ್ಣದ ಗಾಡಿ ನಿಲ್ಲಿಸಿದರೂ ಎರಡು ದಿನಕ್ಕೆ ಕೆಂಪು. ಬೇವಿನ ಎಲೆ ಕೆಂಪು, ಒಣಹಾಕಿದ ಪಂಚೆ ಕೆಂಪು, ನಮ್ಮ ಬಿಳಿ ಬೆಕ್ಕೂ ಕೆಂಪು. ಹಾಗಾಗಿ ಫಳಫಳ ಹೊಳೆಯುವ ಕಾರು ಇಡೀ ಓಣಿಗೆ ಒಂದೇ. ಅದೇ ನಮಗೆ ಮುಳುವಾಯಿತು.

ಮನೆ ಹಿಂದೆ ಕುರುಚಲು ಗುಡ್ಡ. ಅಲ್ಲಿ ನವಿಲುಗಳಿಗೆ ಬರವಿಲ್ಲ. ದರೋಜಿ ಕರಡಿಧಾಮವೂ ನಮಗೆ ಅಂಥ ದೂರವೇನಲ್ಲ. ಅಲ್ಲಿಗೆ ಹೋದವರು ಕರಡಿಗೆ ಕಾಯುತ್ತಾ ಕೂತು, ಕೊನೆಗೆ ನವಿಲಿನ ಫೋಟೋ ತೆಗೆದುಕೊಂಡು ಬರುತ್ತಾರೆ. ಬೆಂಗಳೂರಿನ ನನ್ನ ತಂಗಿಗಂತೂ ಭಾರಿ ಹೊಟ್ಟೆಕಿಚ್ಚು. "ಎದ್ದ ತಕ್ಷಣ ನವಿಲು! ಪುಣ್ಯ ಮಾಡಿದ್ದೆ ಕಣೇ" ಅಂತಿದ್ದಳು. ಯುಗಾದಿಗೆ ಬಂದಳು. ಬೆಳಗಿನ ಜಾವ ನಾಲ್ಕೂವರೆಗೆ ನನ್ನ ಹಾಸಿಗೆ ಪಕ್ಕ ನಡುಗುತ್ತಾ ನಿಂತಿದ್ದಳು. "ಅಕ್ಕಾ, ಹೊರಗೆ ಯಾರೋ ಹೆಂಗಸಿನ ಕುತ್ತಿಗೆ ಹಿಸುಕ್ತಿದಾರೆ!"

ಹುಣಸೆ ಮರದ ತುದಿಯಲ್ಲಿ ರಾತ್ರಿ ಕಳೆದ ನವಿಲು ಬೆಳಗಾಯಿತು ಅಂತ ಹೇಳುವ ರೀತಿ ಅದು. ಅಷ್ಟು ಚಂದದ ಹಕ್ಕಿಗೆ ದೇವರು ದನಿ ಕೊಡುವಾಗ ಬೆಕ್ಕಿನ ಗಂಟಲು ಕೈಗೆ ಸಿಕ್ಕಿರಬೇಕು.

ಅವಳಿಗೆ ಕುಣಿತವನ್ನೂ ತೋರಿಸಿದೆ. ಗಂಡು ಗರಿ ಬಿಚ್ಚಿ ನಿಂತಿತ್ತು. ನೂರೈವತ್ತಕ್ಕೂ ಜಾಸ್ತಿ ಗರಿ, ಉದ್ದದವಂತೂ ಗಂಡಸಿನ ಎದೆಮಟ್ಟ. ಎಲ್ಲವನ್ನೂ ಒಟ್ಟಿಗೆ ಅದುರಿಸಿದರೆ ಒಣ ಜೋಳದ ಸೊಪ್ಪೆಗೆ ಗಾಳಿ ಬೀಸಿದಂಥ ಸದ್ದು. ಎದುರಿಗೆ ಮೂರು ಹೆಣ್ಣು ನವಿಲು. ಒಂದಾದರೂ ತಲೆ ಎತ್ತಬೇಕಲ್ವಾ? ಅತ್ತೆ ಹಸನು ಮಾಡಿ ಚೆಲ್ಲಿದ್ದ ನುಚ್ಚು ಹೆಕ್ಕುವುದರಲ್ಲೇ ಮುಳುಗಿದ್ದವು. ನಾಳೆ ನೆಲ ಕೆದರಿ ಮೊಟ್ಟೆ ಇಡೋದು ಅವು, ನಾಲ್ಕು ವಾರ ಕಾವು ಕೂರೋದು ಅವು. ಗಂಡಿನ ಪಾಲಿಗೆ ಬರೋದು ಕುಣಿತ ಒಂದೇ. ಆ ಉದಾಸೀನ ನನಗೆ ಪೂರ್ತಿ ಅರ್ಥವಾಯಿತು. ತಂಗಿ ವಿಡಿಯೋ ಮಾಡಲು ಓಡಿದಳು. ಅದು ಅದೇ ಹೊತ್ತಿಗೆ ತಿರುಗಿತು. ಅವಳ ಫೋನಿನಲ್ಲಿ ಇವತ್ತಿಗೂ ಎರಡು ನಿಮಿಷದ ನವಿಲಿನ ಹಿಂಭಾಗ ಇದೆ. ಪಾಪ, ನಿಜವಾದ ಬಾಲ ನೋಡಿದ ಸಮಾಧಾನವಾದರೂ ಅವಳಿಗಿರಲಿ. ನಾವು ಬಾಲ ಅನ್ನುವ ಆ ಉದ್ದ ಗರಿಗಳು ಬೆನ್ನಿನ ಕೆಳಗಿನವು. ಬಾಲ ಅಂದರೆ ಅವುಗಳಿಗೆ ಹಿಂದಿನಿಂದ ಆನಿಕೆ ಕೊಡುವ ಗಿಡ್ಡ ಕಂದು ಪುಕ್ಕ.

ತಂಗಿ ಹೋದ ವಾರಕ್ಕೆ ಕಾರಿನ ಬಾಗಿಲಿನಿಂದ ಧಡ್ ಧಡ್ ಸದ್ದು. ಓಡಿ ಹೋಗಿ ನೋಡಿದರೆ ಇದೇ ಮಹಾಶಯ. ಜೋಡಿ ಹುಡುಕುವ ಈ ಕಾಲದಲ್ಲಿ ಗಂಡು ತನ್ನ ಕುಣಿಯುವ ಜಾಗಕ್ಕೆ ಇನ್ನೊಂದು ಗಂಡನ್ನು ಬಿಟ್ಟುಕೊಳ್ಳುವುದಿಲ್ಲ. ಕಾರಿನ ಕಪ್ಪು ಬಾಗಿಲಲ್ಲಿ ಅದರಷ್ಟೇ ಚಂದದ, ಅದರಷ್ಟೇ ಸಿಟ್ಟಿನ ನವಿಲೊಂದು ನಿಂತಿತ್ತು. ಇದು ಹಾರಿದರೆ ಅದೂ ಹಾರುತ್ತಿತ್ತು. ಗಂಡು ನವಿಲಿಗೆ ಕಾಲ ಹಿಂದೆ ಹುಂಜಕ್ಕಿರುವಂಥ ಮುಳ್ಳಿರುತ್ತದೆ. ನಮ್ಮನೆಯವರು ಟವೆಲ್ ಹಿಡಿದು ಬರುವಷ್ಟರಲ್ಲಿ ಎರಡೂ ಬಾಗಿಲ ಮೇಲೆ ಗೀರುಗಳ ರಂಗೋಲಿ.

ಅವರು ಕಲ್ಲಿಗೆ ಕೈ ಹಾಕಿದರು. ನಾನು ಕಾನೂನು ಹೇಳಿದೆ: 1963ರಿಂದ ಅದು ರಾಷ್ಟ್ರಪಕ್ಷಿ, 1972ರ ವನ್ಯಜೀವಿ ಕಾಯ್ದೆಯಲ್ಲಿ ಹುಲಿಯ ಸಾಲಿಗೇ ಸೇರಿದೆ. ಅವರು ಕೇಳಲಿಲ್ಲ. ಅತ್ತೆ ಒಳಗಿಂದಲೇ ಕೂಗಿದರು, "ಕಲ್ಲು ಗಿಲ್ಲು ಒಗದೀಯ ಮತ್ತ! ಅದು ಕುಮಾರಸ್ವಾಮಿ ವಾಹನ. ಬೆಟ್ಟದ ಮ್ಯಾಲೆ ಕುಂತಾನ, ನೋಡ್ತಿರ್ತಾನ." ಕಲ್ಲು ಕೆಳಗೆ ಬಿತ್ತು. ಆ ಬೆಟ್ಟದ ಗುಡಿಯಲ್ಲಿ ಹೆಂಗಸರಿಗೆ ಸ್ವಾಮಿಯ ದರ್ಶನವಿಲ್ಲ ಅನ್ನೋದು ಹಳೇ ಕಟ್ಟುಪಾಡು. ಸ್ವಾಮಿಯನ್ನು ನಾವು ನೋಡುವ ಹಾಗಿಲ್ಲ. ಅವನ ವಾಹನ ಮಾತ್ರ ದಿನಾ ನಮ್ಮ ಬಾಗಿಲಿಗೆ.

ಇನ್ಶೂರೆನ್ಸಿಗೆ ಫೋನ್ ಮಾಡಿದ್ದಾಯಿತು. ಆ ಕಡೆಯ ಹುಡುಗ ಬಹಳ ವಿನಯವಂತ.

"ಯಾವ ವಾಹನ ಗುದ್ದಿತು ಸರ್?"

ನಮ್ಮನೆಯವರಿಗೆ ಸಿಟ್ಟು ನೆತ್ತಿಗೇರಿತ್ತು. "ಕುಮಾರಸ್ವಾಮಿ ವಾಹನ!"

"ಕುಮಾರಸ್ವಾಮಿ ಅವರ ಗಾಡಿ ನಂಬರ್ ಹೇಳಿ ಸರ್."

ಮುಂದಿನದನ್ನು ಇಲ್ಲಿ ಬರೆಯುವ ಹಾಗಿಲ್ಲ.

ಅತ್ತೆಯೇ ಉಪಾಯ ಹುಡುಕಿದರು. ತಮ್ಮದೊಂದು ಹಳೇ ಹಸಿರು ಇಳಕಲ್ ಸೀರೆ ತಂದು ಕಾರಿಗೆ ಸುತ್ತಿದರು. ಸೆರಗು ಬಾನೆಟ್ ಮೇಲೆ ಇಳಿಬಿದ್ದಿತ್ತು. ನಮ್ಮ ಕಡೆ ಬಸುರಿಯ ಕುಬುಸಕ್ಕೆ, ಅಂದರೆ ಸೀಮಂತಕ್ಕೆ, ಉಡಿಸುವುದೂ ಹಸಿರು ಸೀರೆಯೇ. ಹಾಲು ಹಾಕಲು ಬಂದ ಪಕ್ಕದ ಓಣಿಯ ಅಕ್ಕ ನಿಂತು ನೋಡಿದಳು. "ಏನಕ್ಕಾ, ಕಾರಿಗೆ ಕುಬುಸ ಮಾಡಾಕತ್ತೀರೇನು? ಎಷ್ಟು ತಿಂಗ್ಳು?"

ಸಂಜೆಯೊಳಗೆ ಊರಿಗೆಲ್ಲ ಗೊತ್ತು. ಯಾರೋ ತಮಾಷೆಗೆ ಬಾನೆಟ್ ಮೇಲೆ ಐದು ಹಸಿರು ಬಳೆ ಇಟ್ಟು ಹೋಗಿದ್ದರು. ನಮ್ಮನೆಯವರು ಸೀರೆ ಕಿತ್ತು ಬಿಸಾಡಿದರು. ಮರುದಿನ ಬೆಳಗ್ಗೆ ಮತ್ತೆ ಧಡ್ ಧಡ್.

ಆಮೇಲೆ ಅವರು ಮದುವೆಗೆಂದು ಬಸ್ಸಿನಲ್ಲಿ ಹೊಸಪೇಟೆಗೆ ಹೋದರು, ನಾಲ್ಕು ದಿನ. ಕಾರು ತೊಳೆಯುವವರಿಲ್ಲ. ಮೂರನೇ ದಿನ ನವಿಲು ಬಂತು. ಕೆಂಪು ಧೂಳು ಮೆತ್ತಿದ ಬಾಗಿಲನ್ನು ಬಲಗಡೆಯಿಂದ ನೋಡಿತು. ಎಡಗಡೆಯಿಂದ ನೋಡಿತು. ಶತ್ರು ಊರು ಬಿಟ್ಟಿದ್ದ. ಕುತ್ತಿಗೆ ಎತ್ತಿಕೊಂಡು, ಗೆದ್ದವರ ಹಾಗೆ ಹೊರಟುಹೋಯಿತು.

ಅವತ್ತೇ ಶಾಂಪೂ ಬಾಟಲಿಯನ್ನು ಅಕ್ಕಿ ಡಬ್ಬಿಯಲ್ಲಿ ಬಚ್ಚಿಟ್ಟೆ. ವಾಪಸ್ ಬಂದವರಿಗೆ ವಿಷಯ ಹೇಳಿದಾಗ ಮೊದಲು ನಂಬಲಿಲ್ಲ. ಆಮೇಲೆ ಕಣ್ಣಾರೆ ನೋಡಿ, ಬಾಯಿ ಮುಚ್ಚಿಕೊಂಡು ಬಕೆಟ್ ಹಿತ್ತಿಲಿಗೆ ಸಾಗಿಸಿದರು. ಒಂದು ತಿಂಗಳು ನಮ್ಮ ಕಾರೂ ಅದಿರು ಲಾರಿಯೂ ಒಂದೇ ಬಣ್ಣ. ಮಗ ಹಿಂದಿನ ಗಾಜಿನ ಧೂಳಿನಲ್ಲಿ ಮಗ್ಗಿ ಬರೆದು ಕಲಿತ. ಮನೆ ತಣ್ಣಗಿತ್ತು.

ಮೊನ್ನೆ ರಾತ್ರಿ ರೋಹಿಣಿ ಮಳೆ ಹೊಡೆಯಿತು ನೋಡಿ, ಅಬ್ಬಬ್ಬಾ! ಗುಡ್ಡದಿಂದ ಕೆಂಪು ನೀರು ಓಣಿ ತುಂಬ ಹರಿಯಿತು. ಬೆಳಗ್ಗೆ ಬಾಗಿಲು ತೆರೆದೆ. ಬೇವು ಹಸಿರು, ಬೆಕ್ಕು ಬಿಳಿ. ಕಾರು ಶೋರೂಮಿನಿಂದ ಈಗ ತಾನೇ ಇಳಿಸಿದಂತೆ ಕನ್ನಡಿ.

ಹುಣಸೆ ಮರದ ಮೇಲಿಂದ "ಮಿಯಾಂವ್" ಅಂತ ಕೇಳಿಸಿತು.

ಅತ್ತೆ ಒಂದು ಮಾತೂ ಆಡದೆ ಒಳಗೆ ಹೋಗಿ ಸೀರೆ ತಂದರು. ಈ ಸಲದ್ದು ನನ್ನದು.