ಕುಂಬಳಕಾಯಿ ಒಡೆದವರ ಹೆಗಲು

ಆಯುಧಪೂಜೆ ಹತ್ತಿರವಾಯಿತೆಂದು ಬೆಂಗಳೂರಿಗರಿಗೆ ತಿಳಿಯಲು ಪಂಚಾಂಗ ಬೇಕಿಲ್ಲ. ಕುಂಬಳಕಾಯಿಯನ್ನು ರಸ್ತೆಯಲ್ಲಿ ಒಡೆಯಬೇಡಿರೆಂದು ಸಂಚಾರ ಪೊಲೀಸರು ಬೇಡಿಕೊಳ್ಳುವ ಪ್ರಕಟಣೆಯೇ ಸಾಕು. ಆ ಮನವಿಯೂ ಈಗ ಪೂಜಾವಿಧಿಯ ಒಂದು ಅಂಗವೇ ಆಗಿರುವುದರಿಂದ, ಅದನ್ನು ಶ್ರದ್ಧೆಯಿಂದ ಓದಿ ಮುಗಿಸಿದ ಮೇಲೆಯೇ ಜನ ಕೆ.ಆರ್. ಮಾರುಕಟ್ಟೆಗೆ ಹೊರಡುತ್ತಾರೆ.

ಸಿಂಗಾರದಲ್ಲಿ ನಮ್ಮನ್ನು ಮೀರಿಸುವವರಿಲ್ಲ. ಎರಡು ಬಾಳೆಕಂದು, ಒಂದು ಹಿಡಿ ಮಾವಿನೆಲೆ, ಮೂರು ಮೊಳ ಚೆಂಡುಹೂ, ಚಕ್ರಕ್ಕೊಂದರಂತೆ ನಿಂಬೆಹಣ್ಣು, ಒಂದು ಬೂದುಗುಂಬಳ: ಎಲ್ಲವೂ ಮಣ್ಣಿನಿಂದ ಬಂದು ಮಣ್ಣಿಗೇ ಮರಳುವ ವಸ್ತುಗಳು. ತೊಡಕೆಂದರೆ ನಗರದಲ್ಲಿ ಮಣ್ಣಿಲ್ಲ, ಡಾಂಬರಿದೆ. ಬಸ್ಸೊಂದರ ಪೂಜೆಗೆ 100 ರೂಪಾಯಿ ಕೊಡುತ್ತಿದ್ದ ಕೆಎಸ್‌ಆರ್‌ಟಿಸಿ 2024ರಲ್ಲಿ ಅದನ್ನು 250ಕ್ಕೆ ಏರಿಸಿತು. ಹಬ್ಬದ ದಿನದ ಹೂವಿನ ದರದಲ್ಲಿ ಅಷ್ಟಕ್ಕೇ ಅಷ್ಟು ದೊಡ್ಡ ವಾಹನವನ್ನು ಮದುಮಗನಂತೆ ಸಿಂಗರಿಸುವ ಚಾಲಕರಿಗೆ ಹಣಕಾಸು ಖಾತೆಯನ್ನೇ ಒಪ್ಪಿಸಬಹುದು.

ಬೂದುಗುಂಬಳದ್ದು ವಿಚಿತ್ರ ಜಾತಕ. ಮಜ್ಜಿಗೆಹುಳಿಗೂ ಅದೇ, ಕಾಶಿಹಲ್ವಕ್ಕೂ ಅದೇ. ನವರಾತ್ರಿಯ ನಾಲ್ಕನೆಯ ದಿನ ಪೂಜೆಗೊಳ್ಳುವ ಕೂಷ್ಮಾಂಡಾ ದೇವಿಯ ಹೆಸರಿನಲ್ಲಿಯೂ ಇರುವ ಈ ಕಾಯಿ, ಒಂಬತ್ತನೆಯ ದಿನ ಪ್ರಾಣಿಬಲಿಯ ಬದಲಿಗೆ ತಾನೇ ಬಲಿಯಾಗುತ್ತದೆ. ಜೀವವೊಂದು ಉಳಿಯಲಿ ಎಂದು ಹಿರಿಯರು ಮಾಡಿದ ಏರ್ಪಾಡು ಅದು. ಕುರಿಯೇನೋ ಉಳಿಯಿತು, ಸರದಿ ಸ್ಕೂಟರಿನವನದಾಯಿತು.

ನಮ್ಮ ಬೀದಿಯ ಗೃಹಸ್ಥರೊಬ್ಬರು ಕಳೆದ ಹಬ್ಬದಲ್ಲಿ ಹೊಸ ಕಾರಿಗೆ ದೃಷ್ಟಿ ತೆಗೆದ ಬಗೆಯನ್ನು ನಾನು ಕಣ್ಣಾರೆ ಕಂಡೆ. ಕಾಯಿಯ ತೊಟ್ಟಿನ ಬಳಿ ಚೌಕವಾಗಿ ಕೊರೆದು, ಕುಂಕುಮ ತುಂಬಿ, ಒಂದು ರೂಪಾಯಿಯ ನಾಲ್ಕು ನಾಣ್ಯಗಳನ್ನು ಹಾಕಿ, ಮೇಲೆ ಕರ್ಪೂರ ಹಚ್ಚಿ ಮೂರು ಸುತ್ತು ಇಳಿ ತೆಗೆದರು. ಬಳಿಕ ತಮ್ಮ ಗೇಟಿನ ಮುಂದಿನ ಗ್ರಾನೈಟ್ ಕಲ್ಲನ್ನು ಒಮ್ಮೆ ನೋಡಿ, ಹತ್ತು ಹೆಜ್ಜೆ ನಡೆದು, ಮೂರು ರಸ್ತೆ ಕೂಡುವಲ್ಲಿ ಅದನ್ನು ಎತ್ತಿ ಅಪ್ಪಳಿಸಿದರು. ಬಿಳಿಯ ತಿರುಳು, ಕೆಂಪು ನೀರು, ಲೋಳೆಗೆ ಅಂಟಿದ ಬೀಜಗಳು ತಿರುವಿನ ಉದ್ದಕ್ಕೂ ಹರಡಿದವು. ನಾಣ್ಯಕ್ಕಾಗಿ ಹುಡುಗರಿಬ್ಬರು ರಸ್ತೆಗೆ ನುಗ್ಗಿದರು.

ಗ್ರಾನೈಟಿನ ಈ ಕಾಳಜಿಗೆ ಸರ್ಕಾರದ ಮೇಲ್ಪಂಕ್ತಿಯೂ ಉಂಟು. ವಿಧಾನಸೌಧದ ನೆಲಕ್ಕೆ ಕಲೆಯಾಗುತ್ತದೆಂದು, ಕಚೇರಿಗಳ ಆಯುಧಪೂಜೆಯಲ್ಲಿ ರಾಸಾಯನಿಕ ಬೆರೆತ ಕುಂಕುಮ, ಅರಿಶಿನ ಬಳಸಬಾರದೆಂಬ ಸುತ್ತೋಲೆ 2023ರಲ್ಲಿ ಹೊರಟಿತ್ತು. ಬಹಳ ಯೋಗ್ಯವಾದ ಸುತ್ತೋಲೆ. ಕಲ್ಲಿಗೆ ಕಲೆಯಾದರೆ ಉಜ್ಜಬೇಕು. ರಸ್ತೆಯಲ್ಲಿ ಬಿದ್ದವನ ಮೊಣಕಾಲನ್ನು ಅವನ ಮನೆಯವರೇ ತೊಳೆದುಕೊಳ್ಳುತ್ತಾರೆ.

ಮರುದಿನ ಬೆಳಗಿನ ಜಾವ ಹಾಲಿನ ಹುಡುಗ ಅದೇ ತಿರುವಿನಲ್ಲಿ ಜಾರಿ ಬಿದ್ದ. ಪ್ಯಾಕೆಟ್ಟುಗಳು ಒಡೆದು ಕುಂಕುಮದ ನೀರಿನಲ್ಲಿ ಹಾಲು ಬೆರೆಯಿತು. ಆಮೇಲೆ ಬಂದ ಪೌರಕಾರ್ಮಿಕ ಹೆಂಗಸು ಪೊರಕೆಗೆ ಬಾರದ ಲೋಳೆಯನ್ನು ರಟ್ಟಿನ ಚೂರಿನಿಂದ ಕೆರೆದು, ಬರಿಗೈಯಲ್ಲಿ ಬುಟ್ಟಿಗೆ ತುಂಬುತ್ತಿದ್ದಳು. ಇದರಲ್ಲಿ ನಗುವಂಥದ್ದೇನೂ ಇಲ್ಲ. ಒಡೆದ ಕಾಯನ್ನು ಕಾಲಿನಿಂದ ಬದಿಗೆ ಸರಿಸಲು ಒಬ್ಬನಿಗೆ ಅರ್ಧ ನಿಮಿಷ ಸಾಕು. ಆ ಅರ್ಧ ನಿಮಿಷ ನಮ್ಮಲ್ಲಿ ಯಾರ ಬಳಿಯೂ ಇಲ್ಲ. ಪ್ರತಿ ವರ್ಷ ಇದನ್ನೇ ಬರೆದು ನನಗೂ ಸಾಕಾಗಿದೆ.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಕಾಯಿಯ ಬೂದಿ ಅಂಟಿರಬಹುದೆಂಬ ಅಳುಕಾದರೂ ಆ ಪುಣ್ಯಾತ್ಮನಿಗಿತ್ತು. ಹಾಲಿನ ಹುಡುಗನನ್ನು ಎಬ್ಬಿಸಿ ಕೂರಿಸಿದ ಮೇಲೆ, ಇದನ್ನು ಇಲ್ಲಿ ಒಡೆದವರು ಯಾರೆಂದು ನಾನು ಗಟ್ಟಿಯಾಗಿಯೇ ಕೇಳಿದೆ. ಗೇಟಿನ ಬಳಿ ಪತ್ರಿಕೆ ಹಿಡಿದು ನಿಂತಿದ್ದ ಆ ಗೃಹಸ್ಥರು ಹೆಗಲು ಮುಟ್ಟಿಕೊಳ್ಳಲಿಲ್ಲ. "ಹಿಂದಿನ ಬೀದಿಯವರೇ ಇರಬೇಕು ಸಾರ್, ಅವರಿಗೆ ಸ್ವಲ್ಪವೂ ಜವಾಬ್ದಾರಿಯಿಲ್ಲ" ಎಂದು ಪುಟ ತಿರುವಿದರು. ಅವರ ಹೆಬ್ಬೆರಳಿನ ಉಗುರಿನ ಸಂದಿಯಲ್ಲಿ ಕುಂಕುಮ ಇನ್ನೂ ಹೋಗಿರಲಿಲ್ಲ.