ಕಾರಣ: ವೈಯಕ್ತಿಕ

ನಮ್ಮ ಹುಬ್ಬಳ್ಳಿಯಲ್ಲಿ ಯಾರನ್ನೂ ಕೆಲಸದಿಂದ ತೆಗೆಯುವುದಿಲ್ಲ. ಗೋಕುಲ ರಸ್ತೆಯ ಶೆಡ್ಡುಗಳಿಂದ ತಾರಿಹಾಳದ ಕಾರ್ಖಾನೆಗಳ ತನಕ, ದುರ್ಗದಬೈಲಿನ ಅಂಗಡಿಗಳಿಂದ ವಿದ್ಯಾನಗರದ ಗಾಜಿನ ಆಫೀಸುಗಳ ತನಕ ಬೇಕಾದರೆ ವಿಚಾರಿಸಿ ಬನ್ನಿ. ತೆಗೆಸಿಕೊಂಡವರು ಕಾಗದದ ಮೇಲೆ ಒಬ್ಬರೂ ಸಿಗುವುದಿಲ್ಲ. ಎಲ್ಲರೂ ತಾವಾಗಿಯೇ ಬಿಟ್ಟವರು. ತಿಂಗಳ ಕೊನೆಯ ಶನಿವಾರ ಸಂಜೆ ನಾಲ್ಕಕ್ಕೆ ಆರು ಜನಕ್ಕೆ ಒಟ್ಟಿಗೇ ‘ವೈಯಕ್ತಿಕ ಕಾರಣ’ ಹುಟ್ಟುತ್ತದೆ. ಅವಳಿ ಮಕ್ಕಳಾದರೂ ಇಷ್ಟು ಹೊಂದಿಕೊಂಡು ಹುಟ್ಟಲಿಕ್ಕಿಲ್ಲ.

ನಮ್ಮ ಓಣಿಯ ಮೂಲಿಮನಿ ಕಾಕಾಗೆ ಅದು ಹುಟ್ಟಿದ್ದು ಸಂಕ್ರಾಂತಿ ಮುಗಿದ ಮೇಲೆ. ಹನ್ನೊಂದು ವರ್ಷ ಒಂದೇ ಶೆಡ್ಡಿನಲ್ಲಿ ಒಂದೇ ಲೇತ್ ಮುಂದೆ ನಿಂತವರು. ಆಫೀಸಿನ ಒಳಗೆ ಕರೆದು ಕುರ್ಚಿ ಕೊಟ್ಟರಂತೆ. ಚಹಾ ಬಂತು, ಕಾಗದದ ಕಪ್ಪಿನಲ್ಲಲ್ಲ.

“ಕಪ್ಪು-ಬಶಿ ನೋಡಿದ್ ಕೂಡ್ಲೆ ಎದಿ ಧಸಕ್ ಅಂತೋ ತಮ್ಮಾ. ಹನ್ನೊಂದು ವರ್ಷದಾಗ ಅವರ ಮನ್ಯಾಗ ಬಶಿ ಐತಿ ಅಂತನ ನನಗ ಗೊತ್ತಿದ್ದಿಲ್ಲ.”

ಎಚ್‌ಆರ್ ಹುಡುಗ ಕಾಗದ ಮುಂದಿಟ್ಟ. ವಯಸ್ಸಿನಲ್ಲಿ ಕಾಕಾನ ಮಗನಿಗಿಂತ ಸಣ್ಣವನು, ಮಾತಿನಲ್ಲಿ ಮಠದ ಸ್ವಾಮಿಗಳಿಗಿಂತ ತಣ್ಣಗಿನವನು.

“ಕಾಕಾ, ನಾವೇನ್ ನಿಮ್ಮನ್ನ ತಗ್ಯಾಕತ್ತಿಲ್ರೀ. ನೀವ ಬಿಡಾಕತ್ತೀರಿ.”

“ಹೌದಾ? ನನಗ ಗೊತ್ತ ಇರ್ಲಿಲ್ಲಲ್ಲೋ. ಯಾಕ ಬಿಡಾಕತ್ತೀನಿ?”

“ವೈಯಕ್ತಿಕ ಕಾರಣಕ್ಕ.”

“ಏನದು ಕಾರಣ?”

“ಅದನ್ನ ನಾವು ಕೇಳಾಕ ಬರಂಗಿಲ್ರೀ. ಅದು ನಿಮ್ಮ ವೈಯಕ್ತಿಕ.”

ಇಷ್ಟು ಸಂಸ್ಕಾರವಂತ ಕಂಪನಿ ಬೇರೆಲ್ಲಿ ಸಿಕ್ಕೀತು ಹೇಳಿ. ಕಾಗದವೂ ಹಾಗೆಯೇ, ಇಂಗ್ಲಿಷಿನಲ್ಲಿ ಟೈಪಾಗಿ ಸಿದ್ಧವಾಗಿತ್ತು. ಕಲಿಯಲು ಅವಕಾಶ ಕೊಟ್ಟದ್ದಕ್ಕೆ ಕಾಕಾ ಆಡಳಿತ ಮಂಡಳಿಗೆ ಹೃತ್ಪೂರ್ವಕ ಧನ್ಯವಾದ ಹೇಳಿದ್ದರು. ಎರಡು ಕಡೆ ಹೇಳಿದ್ದರು. ಕೆಳಗೆ ಅವರ ಹೆಸರೂ ಇತ್ತು, ಸ್ಪೆಲಿಂಗ್ ತಪ್ಪಿತ್ತು. ತಾರೀಕಿನ ಜಾಗ ಮಾತ್ರ ಖಾಲಿ. ಆ ಜಾಗದ ಮಹಿಮೆ ದೊಡ್ಡದು. ಕೆಲವು ಕಡೆ ಕೆಲಸಕ್ಕೆ ಸೇರುವ ದಿನವೇ ಇಂಥದ್ದೊಂದಕ್ಕೆ ಸಹಿ ತೆಗೆದುಕೊಂಡು ಕಪಾಟಿನಲ್ಲಿ ಇಟ್ಟುಬಿಡುತ್ತಾರೆ. ನೇಮಕಾತಿ ಪತ್ರ ಕೇಳಿದರೆ ಮಾತ್ರ ‘ನಾವೆಲ್ಲ ಒಂದ ಮನಿಯವರು, ನಮ್ಮೊಳಗ ಕಾಗದ ಯಾಕ್ರೀ?’ ಅನ್ನುತ್ತಾರೆ. ಮನೆಯವರಿಗೆ ಬರುವಾಗ ಕಾಗದ ಬೇಡ, ಹೋಗುವಾಗ ಬೇಕು.

ಇಷ್ಟೆಲ್ಲ ಮರ್ಯಾದೆ ಯಾಕೆ ಅಂದರೆ ಕಾಯ್ದೆಯ ಪುಣ್ಯ. ವರ್ಷದಲ್ಲಿ 240 ದಿನ ದುಡಿದ ಕಾರ್ಮಿಕನನ್ನು ‘ಕೆಲಸ ಇಲ್ಲ, ನಡಿ’ ಅನ್ನಬೇಕಾದರೆ ಒಂದು ತಿಂಗಳ ನೋಟಿಸು ಇಲ್ಲವೇ ಆ ತಿಂಗಳ ಪಗಾರ, ಮೇಲೆ ದುಡಿದ ಪ್ರತಿ ವರ್ಷಕ್ಕೆ 15 ದಿನದ ಪಗಾರ ಪರಿಹಾರ ಕೊಡಬೇಕು. 1947ರ ಕೈಗಾರಿಕಾ ವಿವಾದ ಕಾಯ್ದೆಯಲ್ಲಿದ್ದ ಈ ಮಾತು 2025ರ ನವೆಂಬರ್ 21ರಿಂದ ಜಾರಿಗೆ ಬಂದ ಹೊಸ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲೂ ಉಳಿದುಕೊಂಡಿದೆ. ಆದರೆ ಇದೆಲ್ಲ ತೆಗೆಸಿಕೊಂಡವನಿಗೆ. ತಾನೇ ಬಿಟ್ಟವನಿಗೆ ಕಪ್ಪು-ಬಶಿಯ ಚಹಾ.

ಗ್ರಾಚ್ಯುಟಿ, ಅಂದರೆ ವರ್ಷಗಟ್ಟಲೆ ದುಡಿದವನಿಗೆ ಬಿಡುವಾಗ ಕೊಡುವ ಇಡಿಗಂಟು, ಹಾಗಲ್ಲ, ಅದು ಸ್ವಲ್ಪ ಹಟಮಾರಿ. ಒಂದೇ ಕಂಪನಿಯಲ್ಲಿ ಐದು ವರ್ಷ ತುಂಬಿದರೆ ರಾಜೀನಾಮೆ ಕೊಟ್ಟವನಿಗೂ ಕೊಡಬೇಕು. ಕಾಕಾನ ಪಗಾರ 20,800. ತಿಂಗಳಿಗೆ ಕೆಲಸದ ದಿನ 26 ಅಂತ ಹಿಡಿದು ಭಾಗಿಸಿದರೆ ದಿನಕ್ಕೆ 800. ವರ್ಷಕ್ಕೆ 15 ದಿನದ ಪಗಾರ, ಅಂದರೆ 12,000. ಹನ್ನೊಂದು ವರ್ಷಕ್ಕೆ 1,32,000. ಲೆಕ್ಕ ಮಾಡಿಕೊಟ್ಟವನು ನಾನೇ. ಕಾಕಾ ಒಂದು ಗಳಿಗೆ ಖುಷಿಯಿಂದ ಕೂತಿದ್ದರು. ಆಮೇಲೆ ಕಪಾಟಿನಿಂದ ಮೂರು ಐಡಿ ಕಾರ್ಡು ತೆಗೆದು ಚಾಪೆಯ ಮೇಲೆ ಸಾಲಾಗಿ ಇಟ್ಟರು.

ಮೊದಲ ನಾಲ್ಕು ವರ್ಷ ಕಂಪನಿ ಒಡೆಯನ ಹೆಸರಿನಲ್ಲಿತ್ತು. ಮುಂದಿನ ನಾಲ್ಕು ವರ್ಷ ಅವನ ಹೆಂಡತಿಯ ಹೆಸರಿನಲ್ಲಿ. ಕೊನೆಯ ಮೂರು, ಇನ್ನೂ ಬಾಲವಾಡಿಗೆ ಹೋಗುವ ಮೊಮ್ಮಗಳ ಹೆಸರಿನಲ್ಲಿ. ಶೆಡ್ಡು ಅದೇ, ಲೇತ್ ಅದೇ, ಗೋಡೆಯ ಮೇಲಿನ ಲಕ್ಷ್ಮಿಯ ಕ್ಯಾಲೆಂಡರೂ ಅದೇ. ಕಾಕಾನ ಫೋಟೋ ಮಾತ್ರ ಕಾರ್ಡಿನಿಂದ ಕಾರ್ಡಿಗೆ ಬೆಳ್ಳಗಾಗುತ್ತ ಬಂದಿತ್ತು. ಹನ್ನೊಂದು ವರ್ಷದಲ್ಲಿ ಐದು ವರ್ಷ ಎಲ್ಲಿಯೂ ತುಂಬಲಿಲ್ಲ! ಗಣಿತದಲ್ಲಿ ಇದು ಸಾಧ್ಯವಿಲ್ಲ. ಗೋಕುಲ ರಸ್ತೆಯಲ್ಲಿ ಸಾಧ್ಯ.

ಹೊಸ ವೇತನ ಸಂಹಿತೆ ಇನ್ನೂ ಒಂದು ಮಾತು ಹೇಳುತ್ತದೆ. ತೆಗೆಯಲಿ, ತಾನೇ ಬಿಡಲಿ, ಬರಬೇಕಾದ ಪಗಾರವನ್ನು ಎರಡು ಕೆಲಸದ ದಿನಗಳಲ್ಲಿ ಕೊಡಬೇಕು. ಕಾಕಾ ಕೇಳಲು ಹೋದರೆ ಅಕೌಂಟೆಂಟ್, “ಎರಡು ದಿನ ಅಂದಾರ್ರೀ, ಯಾವ ಎರಡು ದಿನ ಅಂತ ಹೇಳಿಲ್ಲ” ಅಂದನಂತೆ. ಇಂಥ ಬುದ್ಧಿವಂತರು ಶೆಡ್ಡಿನಲ್ಲಿ ಕೊಳೆಯುತ್ತಿದ್ದಾರೆ.

ಹಾಗಾದರೆ ಕೇಸು ಹಾಕಲಿ ಅನ್ನುತ್ತೀರಿ. ಹಾಕಬಹುದು, ತಡೆಯುವವರು ಯಾರೂ ಇಲ್ಲ. ಮೊದಲು ಕಾರ್ಮಿಕ ಅಧಿಕಾರಿಯ ಮುಂದೆ ರಾಜಿ ಸಂಧಾನ. ಅಲ್ಲಿ ರಾಜಿಗೆ ಬರಬೇಕಾದ ಒಂದು ಪಕ್ಷಕ್ಕೆ ಪ್ರತಿ ತಾರೀಕಿಗೂ ಜ್ವರ. ಅಲ್ಲಿ ಮುರಿದರೆ ಕೋರ್ಟು, ಕೋರ್ಟು ಮುಗಿದರೆ ಧಾರವಾಡದ ಹೈಕೋರ್ಟ್ ಪೀಠ. ಚಿಗರಿ ಬಸ್ಸು ಹತ್ತಿದರೆ ಹುಬ್ಬಳ್ಳಿಯಿಂದ ಧಾರವಾಡಕ್ಕೆ ಒಂದು ತಾಸಿನ ಒಳಗೆ ಮುಟ್ಟುತ್ತೀರಿ. ಕೇಸು ಅದೇ ದಾರಿ ಹಿಡಿದು ಮುಟ್ಟುವ ಹೊತ್ತಿಗೆ ಮಗಳ ಮದುವೆಯಾಗಿ, ಮೊಮ್ಮಗನ ಜವಳವೂ ಆಗಿರುತ್ತದೆ. ನಮ್ಮ ಸಿದ್ಧಾರೂಢ ಸ್ವಾಮೀಜಿ ನಿಲ್ದಾಣದ ಪ್ಲಾಟ್‌ಫಾರ್ಮ್ 1,507 ಮೀಟರ್, ಜಗತ್ತಿನಲ್ಲೇ ಉದ್ದ ಅಂತ ನಾವು ಎದೆ ಉಬ್ಬಿಸುತ್ತೇವೆ. ಅದರ ತುದಿಯಲ್ಲಿ ಒಂದು ರೈಲಾದರೂ ನಿಂತಿರುತ್ತದೆ.

ಒತ್ತಾಯ ಮಾಡಿ ಬರೆಸಿಕೊಂಡ ರಾಜೀನಾಮೆ ರಾಜೀನಾಮೆಯೇ ಅಲ್ಲ ಅನ್ನುವುದು ಕಾನೂನಿನ ಮಾತು. ಒತ್ತಾಯ ಆಗಿತ್ತು ಅಂತ ತೋರಿಸುವ ಹೊರೆ ಮಾತ್ರ ಸಹಿ ಹಾಕಿದವನ ತಲೆಯ ಮೇಲೆ. ಕುರ್ಚಿ, ಕಪ್ಪು, ಬಶಿ ಇವನ್ನು ನೋಡಿದರೆ ಒತ್ತಾಯ ಅಂತ ಯಾರಾದರೂ ಅಂದಾರೆಯೇ? ನಾನೂ ಬಿರುಸಾಗಿಯೇ ಕೇಳಿದೆ: “ಕಾಕಾ, ಓದ್ದ ಯಾಕ ಸಹಿ ಮಾಡಿದ್ರಿ?”

“ನಾ ಓದ್ಲಿಲ್ಲ ಖರೆ. ಆದ್ರ ಅವನೂ ಓದ್ಲಿಲ್ಲೋ.”

ಸಂಗತಿ ಹೀಗಿದೆ. ಸಹಿಯ ಮೇಲೆ ನಾಲ್ಕು ಬೆರಳು ಜಾಗ ಇತ್ತು. ಕಾಕಾ ಪೆನ್ನು ಹಿಡಿದು ಅಲ್ಲಿ ಏನೋ ಬರೆಯುತ್ತ ಕೂತರು. ಹುಡುಗ ಮೊಬೈಲು ನೋಡುತ್ತಿದ್ದ. ಮುದುಕ ವಿಳಾಸ ಬರೆಯುತ್ತಿದ್ದಾನೆ ಅಂದುಕೊಂಡ. ಬರೆದು ಮುಗಿದ ಮೇಲೆ ‘ಸ್ವೀಕರಿಸಲಾಗಿದೆ’ ಅಂತ ತಾನೇ ಠಸ್ಸೆ ಹೊಡೆದು, ಒಂದು ಝೆರಾಕ್ಸ್ ಕಾಕಾಗೂ ಕೊಟ್ಟ.

ಮೊನ್ನೆ ಸಂಧಾನದ ನಾಲ್ಕನೇ ತಾರೀಕು. ಕಂಪನಿಯ ಕಡೆಯವರಿಗೆ ಆವತ್ತು ಜ್ವರ ಇರಲಿಲ್ಲ. ‘ತಾವೇ ಬಿಟ್ಟಿದ್ದಾರೆ, ನೋಡಿ ಸರ್’ ಅಂತ ಹುರುಪಿನಿಂದ ಮೂಲ ಪತ್ರವನ್ನೇ ಮೇಜಿನ ಮೇಲೆ ಇಟ್ಟರು. ಅಧಿಕಾರಿ ಇಂಗ್ಲಿಷಿನ ಧನ್ಯವಾದಗಳನ್ನು ದಾಟಿ ಕೆಳಗೆ ಬಂದು, ದುಂಡಗಿನ ಕನ್ನಡ ಅಕ್ಷರವನ್ನು ಗಟ್ಟಿಯಾಗಿ ಓದಿದರು:

“ಮೇಲಿಂದು ಕಂಪನಿಯವರು ಬರದದ್ದು. ನನ್ನ ವೈಯಕ್ತಿಕ ಕಾರಣ ಏನಂದರ, ಇವರು ನನ್ನ ಕೆಲಸದಿಂದ ತಗದಾರ.”

ಕಂಪನಿಯವರು ಪತ್ರವನ್ನು ಒಮ್ಮೆ ತಿರುಗಿಸಿ ಹಿಂದೆಯೂ ನೋಡಿದರಂತೆ. ಆಮೇಲೆ ಮುಂದಿನ ತಾರೀಕು ಬೇಕು ಅಂತ ಅಲ್ಲೇ ಒಂದು ಅರ್ಜಿ ಬರೆದುಕೊಟ್ಟರು. ಕಾರಣ: ವೈಯಕ್ತಿಕ.