ಕಿಲ್ಟಿಗೊಂದು ಪಿನ್ನು, ಪಿನ್ನಿಗೊಂದು ಪೇಚು

ಸೀರೆ ಉಡುವವರಿಗೆ ಪಿನ್ನಿನ ಧರ್ಮ ಗೊತ್ತು. ನೆರಿಗೆ ನಿಲ್ಲಬೇಕು, ಸೆರಗು ಜಾರಬಾರದು, ಪಿನ್ನು ಮಾತ್ರ ಯಾರ ಕಣ್ಣಿಗೂ ಬೀಳಬಾರದು. ಸ್ಕಾಟ್ಲೆಂಡಿನ ಗಂಡಸರು ಸೊಂಟಕ್ಕೆ ಸುತ್ತಿಕೊಳ್ಳುವ, ಹಿಂದೆ ನೆರಿಗೆ, ಮುಂದೆ ಒಂದರ ಮೇಲೊಂದು ಎರಡು ಪದರ ಇರುವ ಚೌಕಳಿ ಉಡುಪು ಕಿಲ್ಟ್. ಅದರ ಪಿನ್ನು ಇದಕ್ಕೆ ತದ್ವಿರುದ್ಧ. ಎಲ್ಲರ ಕಣ್ಣಿಗೂ ಬೀಳಬೇಕು, ಏನನ್ನೂ ಹಿಡಿಯಬಾರದು. ಮದುವೆಮನೆಯಲ್ಲಿ ಜರತಾರಿ ಪೇಟ ಸುತ್ತಿಕೊಂಡು ಓಡಾಡುವ ದೂರದ ಮಾವನ ಹಾಗೆ: ಶೋಭೆ ಅವರದು, ಕೆಲಸ ಬೇರೆಯವರದು.

ಎಡಿನ್‌ಬರೋಗೋ ಗ್ಲಾಸ್ಗೋಗೋ ಓದಲು ಹೋದ ನಮ್ಮ ಹುಡುಗರು ಸ್ಕಾಟಿಷ್ ಗೆಳೆಯನ ಮದುವೆಗೆಂದು ಕಿಲ್ಟ್ ಬಾಡಿಗೆಗೆ ತಂದಾಗ ಎಡವುವುದು ಇಲ್ಲೇ. ಪಂಚೆ ಉಟ್ಟು, ಅದರ ಮೇಲೆ ಬೆಲ್ಟ್ ಬಿಗಿದು, ಆದರೂ ಒಂದು ಕೈ ಸೊಂಟದ ಮೇಲೇ ಇಟ್ಟುಕೊಂಡು ತಿರುಗಿದ ಜೀವ ಅದು. ಸುತ್ತುವ ಬಟ್ಟೆ ಎಂದರೆ ಬಿಚ್ಚಿಕೊಳ್ಳುವ ಬಟ್ಟೆ ಎಂಬ ಭಯ ಹುಟ್ಟಿನಿಂದಲೇ ಬಂದದ್ದು. ಪೆಟ್ಟಿಗೆಯಲ್ಲಿ ಇಷ್ಟುದ್ದದ ಪಿನ್ನು ಕಂಡೊಡನೆ ‘ಸದ್ಯ, ಮಾನ ಉಳಿಯಿತು’ ಎಂದು ಮೇಲಿನ ಪದರ, ಒಳಪದರ ಎರಡನ್ನೂ ಸೇರಿಸಿ ಚುಚ್ಚಿಬಿಡುತ್ತಾರೆ.

ಮಾನ ಕಾಯುವುದು ಪಿನ್ನಲ್ಲ, ಸೊಂಟದ ಬಕಲ್‌ಗಳು. ಸಾಮಾನ್ಯವಾಗಿ ಮೂರು ಚರ್ಮದ ಪಟ್ಟಿ ಇರುತ್ತವೆ. ಒಳಪದರದ ಪಟ್ಟಿ ಎಡಸೊಂಟದ ಸೀಳಿನಿಂದ ತೂರಿ ಎಡಕ್ಕೆ ಬಿಗಿಯುತ್ತದೆ, ಮೇಲಿನ ಪದರದ ಎರಡು ಪಟ್ಟಿ ಬಲಕ್ಕೆ. ಇವು ಸರಿಯಾಗಿ ಕೂತರೆ ಕಿಲ್ಟ್ ಎಲ್ಲಿಗೂ ಹೋಗುವುದಿಲ್ಲ. ಜೊತೆಗೆ ಬಟ್ಟೆಯ ತೂಕವಿದೆ. ಎಂಟು ಗಜದ, ಅಂದರೆ ಏಳು ಮೀಟರಿಗೂ ಮೀರಿದ ಉಣ್ಣೆಯ ಕಿಲ್ಟ್ ಒಂದೂವರೆಯಿಂದ ಎರಡು ಕಿಲೋ ತೂಗುತ್ತದೆ. ಅದರಲ್ಲಿ ಹೆಚ್ಚಿನ ಪಾಲು ಹಿಂದಿನ ನೆರಿಗೆಗಳಲ್ಲೇ ಇದೆ. ಗಾಳಿ ಅದನ್ನು ಎತ್ತಬೇಕಾದರೆ ಕಷ್ಟಪಡಬೇಕು.

ಎರಡೂ ಪದರ ಸೇರಿಸಿ ಚುಚ್ಚಿದರೆ ಏನಾಗುತ್ತದೆ? ನಿಂತಿರುವಷ್ಟು ಹೊತ್ತು ಏನೂ ಆಗುವುದಿಲ್ಲ. ತೊಂದರೆ ಇರುವುದೇ ಅದರಲ್ಲಿ. ಕೂರುವಾಗ ಮೇಲಿನ ಪದರ ತೊಡೆಗಳ ಮೇಲೆ ಹರಡಿಕೊಳ್ಳಬೇಕು, ಒಳಪದರ ಅದರಡಿಯಲ್ಲಿ ತನ್ನ ಪಾಡಿಗೆ ಜಾರಬೇಕು. ಎರಡನ್ನೂ ಗಂಟುಹಾಕಿದಿರೋ, ಒಂದು ಅತ್ತ ಎಳೆಯುತ್ತದೆ, ಇನ್ನೊಂದು ಇತ್ತ. ಮೊದಲು ಪಿನ್ನಿನ ಸೂಜಿ ಬಾಗುತ್ತದೆ, ಆಮೇಲೆ ಕೊಂಡಿ ಬಿಚ್ಚಿಕೊಳ್ಳುತ್ತದೆ. ಕೊಂಡಿ ಗಟ್ಟಿಯಿದ್ದು ಬಿಚ್ಚಿಕೊಳ್ಳದಿದ್ದರೆ ಬಟ್ಟೆಯೇ ಹರಿಯುತ್ತದೆ. ಆ ಹರಿಯುವ ಸದ್ದು ಸಾಮಾನ್ಯವಾಗಿ ಪಾದ್ರಿ ಪ್ರಾರ್ಥನೆ ಶುರುಮಾಡಿ ಚರ್ಚೆಲ್ಲ ನಿಶ್ಶಬ್ದವಾದಾಗಲೇ ಬರುತ್ತದೆ.

ಈ ತಪ್ಪಿಗೆ ಒಂದು ಕತೆಯ ಕುಮ್ಮಕ್ಕೂ ಇದೆ. ವಿಕ್ಟೋರಿಯಾ ರಾಣಿ ಸೈನಿಕರನ್ನು ನೋಡಲು ಬಂದಾಗ ಜೋರು ಗಾಳಿ ಬೀಸಿತಂತೆ, ಕಾವಲಿಗೆ ನಿಂತ ಪಾಪದವನೊಬ್ಬನ ಕಿಲ್ಟ್ ಹಾರಾಡಿತಂತೆ, ರಾಣಿ ತನ್ನದೇ ಪಿನ್ನು ತೆಗೆದು ಅದನ್ನು ಸಿಕ್ಕಿಸಿ ಅವನ ಮರ್ಯಾದೆ ಉಳಿಸಿದಳಂತೆ. ಕತೆಯಲ್ಲಿ ಇಷ್ಟು ‘ಅಂತೆ’ ಇದ್ದಮೇಲೆ ಅದನ್ನು ಊಟದ ಮೇಜಿನಲ್ಲಿ ಹೇಳಿ ನಗಿಸಬಹುದು, ಬಟ್ಟೆಯ ಮೇಲೆ ಪ್ರಯೋಗಿಸಬಾರದು.

ಹಾಗಾದರೆ ಎಲ್ಲಿ ಚುಚ್ಚಬೇಕು? ಗಂಡಸರ ಕಿಲ್ಟಿನಲ್ಲಿ ಮೇಲಿನ ಪದರದ ಬಲ ಅಂಚಿಗೆ ಎಳೆ ಬಿಟ್ಟ ಕುಚ್ಚು ಇರುತ್ತದೆ. ಆ ಕುಚ್ಚಿನಿಂದ ಎರಡು ಇಂಚು ಒಳಗೆ, ಕೆಳ ಅಂಚಿನಿಂದ ಮೂರು–ನಾಲ್ಕು ಇಂಚು ಮೇಲೆ, ನೆಟ್ಟಗೆ. ಟೇಪು ಬೇಡ. ಟಾರ್ಟನ್ ಎಂಬ ಈ ಚೌಕಳಿ ಬಟ್ಟೆಯ ಉದ್ದಗೆರೆಗಳೇ ಅಳತೆಗೋಲು, ಒಂದು ಗೆರೆ ಹಿಡಿದು ಅದರ ಗುಂಟ ಪಿನ್ನು ಕೂರಿಸಿ. ಅದೇ ಗೆರೆಗಳು ಶತ್ರುವೂ ಹೌದು: ಸಾದಾ ಬಟ್ಟೆಯಲ್ಲಿ ಮುಚ್ಚಿಹೋಗುವ ಸೊಟ್ಟತನ ಚೌಕಳಿಯಲ್ಲಿ ಮಾರು ದೂರಕ್ಕೂ ಕಾಣುತ್ತದೆ. ಕಿಲ್ಟ್ ಉಟ್ಟು, ಬಗ್ಗಿ, ನೀವೇ ಚುಚ್ಚಿಕೊಳ್ಳಲು ಹೋಗಬೇಡಿ. ಬಗ್ಗಿದಾಗ ಬಟ್ಟೆ ಒಂದು ಕಡೆ ಇರುತ್ತದೆ, ಎದ್ದಾಗ ಇನ್ನೊಂದು ಕಡೆ. ಉಡುವ ಮೊದಲೇ ಮೇಜಿನ ಮೇಲೆ ಹರಡಿ, ಮೇಲಿನ ಪದರದ ಅಡಿಗೆ ಎಡಗೈ ಇಟ್ಟು ಚುಚ್ಚಿ. ಬೆರಳಿಗೆ ತಗುಲಿದರೆ ಸರಿಯಾದ ಪದರ ಎಂದರ್ಥ. ಸೂಜಿ ಒಳಹೊಕ್ಕು ಹೊರಬರುವ ನಡುವೆ ಒಂದು ಇಂಚಿನಷ್ಟು ಬಟ್ಟೆ ಸಿಕ್ಕರೆ ಸಾಕು.

ಇನ್ನೊಂದು ಸೂಕ್ಷ್ಮ, ಸೀರೆಗೂ ಹೊಂದುವಂಥದ್ದು. ಪಿನ್ನಿನ ಕೀಲು ಮೇಲಿರಲಿ, ಮೊನೆ ಕೆಳಗಿರಲಿ. ಕುಣಿತದ ನಡುವೆ ಕೊಂಡಿ ಬಿಚ್ಚಿಕೊಂಡರೂ ಪಿನ್ನು ತೂತಿನಲ್ಲಿ ಇಳಿಬಿಟ್ಟ ಮೊಳೆಯಂತೆ ತಲೆಯ ಬಲದ ಮೇಲೆ ನೇತಾಡುತ್ತದೆ. ಮೊನೆ ಮೇಲಿದ್ದರೆ ತನ್ನ ತೂಕಕ್ಕೆ ತಾನೇ ಜಾರಿ ನೆಲ ಸೇರುತ್ತದೆ. ಆಮೇಲೆ ಅದನ್ನು ಪತ್ತೆ ಹಚ್ಚುವುದು ಬರಿಗಾಲಲ್ಲಿ ಕುಣಿಯುತ್ತಿರುವ ಯಾರೋ ಒಬ್ಬರು. ಕತ್ತಿಯಾಕಾರದ ಪಿನ್ನುಗಳಲ್ಲಿ ಹಿಡಿ ಮೇಲಿರಬೇಕೋ ಮೊನೆ ಮೇಲಿರಬೇಕೋ ಎಂಬ ಜಗಳ ಇದೆ. ಆ ಜಗಳವಾಡುವವರು ಆಡಿಕೊಳ್ಳಲಿ, ನೀವು ಹಿಂದಿನ ಕೀಲು ಯಾವ ತುದಿಗಿದೆ ಎಂದು ನೋಡಿ ನಿರ್ಧರಿಸಿ. ಅಂಗಡಿಯಲ್ಲೇ ತಿರುಗಿಸಿ ನೋಡಬೇಕಾದ್ದು ಅದು. ಮುಂದಿನ ಚಂದ ಎಲ್ಲರೂ ನೋಡುತ್ತಾರೆ.

ಹಿಂಬದಿ ನೋಡುವಾಗಲೇ ಸೂಜಿಯ ದಪ್ಪವನ್ನೂ ನೋಡಿಬಿಡಿ. ಉಣ್ಣೆಯ ನೇಯ್ಗೆಯಲ್ಲಿ ಸಣ್ಣ ಸೂಜಿ ಎಳೆಗಳ ನಡುವೆ ದಾರಿ ಮಾಡಿಕೊಂಡು ನುಸುಳುತ್ತದೆ. ದಪ್ಪ, ಮೊಂಡು ಸೂಜಿ ಎಳೆಯನ್ನೇ ಕಡಿಯುತ್ತದೆ. ನುಸುಳಿದ ತೂತಿಗೆ ಮದ್ದಿದೆ: ಉಗುರಿನಿಂದ ಅಡ್ಡಕ್ಕೂ ಉದ್ದಕ್ಕೂ ಮೆಲ್ಲಗೆ ಕೆರೆದು ಹಬೆ ಹಿಡಿದರೆ ಎಳೆಗಳು ಮನೆಗೆ ಮರಳುತ್ತವೆ. ಕಡಿದ ಎಳೆಗೆ ರಫೂ ಒಂದೇ ಗತಿ. ಕಿಲ್ಟಿಗೆ ಕೆಳಗೆ ಫಾಲ್ ಇಲ್ಲ, ಅಂಚು ಮಡಚಿ ಹೊಲಿಯುವ ಪದ್ಧತಿಯೂ ಇಲ್ಲ. ಮಗ್ಗದಿಂದ ಬಂದ ಅಂಚು ಹಾಗೇ ಇಳಿಬಿದ್ದಿರುತ್ತದೆ. ಆದ್ದರಿಂದ ಪಿನ್ನು ಅಂಚಿಗೆ ತೀರಾ ಹತ್ತಿರ ಬಂದರೆ ಎಳೆ ಬಿಚ್ಚಿಕೊಳ್ಳುವ ಮೆರವಣಿಗೆ ಅಲ್ಲಿಂದಲೇ ಹೊರಡುತ್ತದೆ.

ತೂಕದ ವಿಷಯಕ್ಕೆ ಬರೋಣ. ಪಿನ್ನುಗಳು ಸಾಮಾನ್ಯವಾಗಿ ಮೂರರಿಂದ ನಾಲ್ಕು ಇಂಚು ಉದ್ದ. ಗಜಕ್ಕೆ 16 ಔನ್ಸ್ ತೂಗುವ ದಪ್ಪ ಉಣ್ಣೆಗೆ ಬೆಳ್ಳಿಯ ಭಾರೀ ಪಿನ್ನು ಹಾಕಿದರೂ ಬಟ್ಟೆ ‘ಹ್ಞಾಂ’ ಎನ್ನುವುದಿಲ್ಲ. ಅದೇ ಪಿನ್ನನ್ನು ಬಾಡಿಗೆ ಅಂಗಡಿಯ ಪಾಲಿವಿಸ್ಕೋಸ್ ಎಂಬ ಹಗುರ ಕೃತಕ ಬಟ್ಟೆಯ ಕಿಲ್ಟಿಗೆ ಹಾಕಿ ನೋಡಿ, ಬಲ ಮೂಲೆ ಮಳೆಯಲ್ಲಿ ನೆನೆದ ನಾಯಿಯ ಕಿವಿಯಂತೆ ಜೋಲುತ್ತದೆ. ಪರೀಕ್ಷೆ ಸುಲಭ. ಚುಚ್ಚಿ, ಹತ್ತು ಹೆಜ್ಜೆ ನಡೆದು, ಕನ್ನಡಿ ಮುಂದೆ ನಿಲ್ಲಿ. ಕೆಳ ಅಂಚಿನ ಅಡ್ಡಗೆರೆ ಮಟ್ಟವಾಗಿದ್ದರೆ ಪಾಸು, ಬಲಕ್ಕೆ ಇಳಿಜಾರಾಗಿದ್ದರೆ ಹಗುರದ ಪಿನ್ನು ಹುಡುಕಿ.

ಲೋಹಗಳಲ್ಲಿ ಅಗ್ಗದ ಆಸೆ ಹುಟ್ಟಿಸುವುದು ಪ್ಯೂಟರ್. ತವರದ ಬಳಗದ್ದು, ಕೆತ್ತನೆ ಚೆನ್ನಾಗಿ ಮೂಡುತ್ತದೆ, ಬಣ್ಣವೂ ಗಂಭೀರ. ಕಷ್ಟ ಗೊತ್ತಾಗುವುದು ಸೂಜಿ ಕಿತ್ತುಬಂದ ದಿನ. ಬೆಳ್ಳಿ ಕೆಲಸದವರ ಹತ್ತಿರ ಬೆಸುಗೆಗೆ ಕೊಟ್ಟರೆ, ಬೆಳ್ಳಿಗೆ ಬೇಕಾದ ಬಿಸಿಯ ಅರ್ಧದಾರಿಯಲ್ಲೇ ಪ್ಯೂಟರ್ ಕರಗುತ್ತದೆ. ಕೊಟ್ಟದ್ದು ಥಿಸಲ್ ಹೂವು, ವಾಪಸು ಬಂದದ್ದು ಇಡ್ಲಿ. ಬೆಳ್ಳಿಯೇ ಬೇಕೆಂದರೆ 925 ಎಂಬ ಗುರುತು ಹುಡುಕಿ. ಎಡಿನ್‌ಬರೋದಲ್ಲಿ ಪರೀಕ್ಷೆಯಾದದ್ದಕ್ಕೆ ಮೂರು ಬುರುಜಿನ ಕೋಟೆಯ ಮುದ್ರೆಯೂ ಇರುತ್ತದೆ. ಕಂದುಬಣ್ಣದ ಕಲ್ಲು ಕೂರಿಸಿದ್ದರೆ ಅದನ್ನು ಕೇರ್ನ್‌ಗಾರ್ಮ್ ಎನ್ನುತ್ತಾರೆ. ಸ್ಕಾಟ್ಲೆಂಡಿನ ಬೆಟ್ಟಗಳ ಹೆಸರಿನ ಸ್ಫಟಿಕ ಅದು, ಆದರೆ ಅದೇ ಹೆಸರಿನಲ್ಲಿ ಬಣ್ಣದ ಗಾಜೂ ಧಾರಾಳವಾಗಿ ಮಾರಾಟವಾಗುತ್ತದೆ. ಯಾವುದೇ ತೊಟ್ಟರೂ ಸೊಂಟದ ಬಕಲ್, ಮುಂದೆ ನೇತಾಡುವ ಸ್ಪೋರನ್ ಚೀಲದ ಲೋಹ, ಕೋಟಿನ ಗುಂಡಿ, ಇವುಗಳ ಬಣ್ಣಕ್ಕೆ ಹೊಂದಲಿ. ಮೂರು ಬೆಳ್ಳಿಯ ನಡುವೆ ಒಂದು ಹಿತ್ತಾಳೆ ಬಂದರೆ ಪಿನ್ನು ಎರವಲು ತಂದದ್ದೆಂದು ಎಲ್ಲರಿಗೂ ಗೊತ್ತಾಗುತ್ತದೆ.

ಆಕಾರದಲ್ಲಿ ನಿಜವಾದ ಗಂಡಾಂತರ ಇರುವುದು ಕುಲಚಿಹ್ನೆಯ ಪಿನ್ನುಗಳಲ್ಲಿ. ಸುತ್ತ ಬಕಲ್ ಹಾಕಿದ ಪಟ್ಟಿ, ಒಳಗೊಂದು ಪ್ರಾಣಿಯೋ ತೋಳೋ, ಪಟ್ಟಿಯ ಮೇಲೆ ಧ್ಯೇಯವಾಕ್ಯ. ನೋಡಲು ಭರ್ಜರಿ. ಆದರೆ ಆ ಲಾಂಛನ ಕುಲದ ಮುಖ್ಯಸ್ಥನದು. ಪಟ್ಟಿಯೊಳಗೆ ಅದನ್ನು ಧರಿಸುವವರು ‘ನಾವು ಅವನ ಕಡೆಯವರು’ ಎಂದು ಸಾರಿದಂತೆ. ಸ್ಕಾಟ್ಲೆಂಡಿನಲ್ಲಿ ಲಾಂಛನಗಳ ವ್ಯವಹಾರ ನೋಡಿಕೊಳ್ಳಲು ಲಾರ್ಡ್ ಲಯನ್ ಎಂಬ ಅಧಿಕಾರಿಯೂ ಅವರದೇ ನ್ಯಾಯಾಲಯವೂ ಇವೆ. ಗೌಡರೋ ಹೆಗಡೆಯವರೋ ಚಂದ ಕಂಡಿತೆಂದು ಕ್ಯಾಂಬೆಲ್ ಕುಲದ ಚಿಹ್ನೆ ಸಿಕ್ಕಿಸಿಕೊಂಡರೆ ಯಾರೂ ಜೈಲಿಗೆ ಹಾಕುವುದಿಲ್ಲ. ಆದರೆ ಕಿಲ್ಟ್ ಮ್ಯಾಕ್‌ಡೊನಾಲ್ಡ್ ಕುಲದ ಟಾರ್ಟನ್ನಿನದಾಗಿದ್ದರೆ, ಕ್ಯಾಂಬೆಲ್ ನಾಯಕನ ಕೈಕೆಳಗಿನ ಸೈನಿಕರು ಮ್ಯಾಕ್‌ಡೊನಾಲ್ಡರನ್ನು ಕೊಂದ 1692ರ ಗ್ಲೆಂಕೋ ಹತ್ಯಾಕಾಂಡವನ್ನು ನಿನ್ನೆ ಮೊನ್ನೆ ನಡೆದಂತೆ ವಿವರಿಸುವ ಅಜ್ಜನೊಬ್ಬ ಊಟ ಮುಗಿಯುವವರೆಗೂ ನಿಮ್ಮ ಪಕ್ಕ ಬಿಟ್ಟು ಏಳುವುದಿಲ್ಲ. ಹೊರಗಿನವರಿಗೆ ಥಿಸಲ್, ಕತ್ತಿ, ಸೆಲ್ಟಿಕ್ ಗಂಟು ಇವು ಕ್ಷೇಮ. ಗ್ರೌಸ್ ಹಕ್ಕಿಯ ನಿಜವಾದ ಕಾಲಿಗೆ ಬೆಳ್ಳಿ ಕಟ್ಟು ಹಾಕಿದ ಪಿನ್ನೂ ಉಂಟು. ಸಸ್ಯಾಹಾರಿ ಅತ್ತೆಗೆ ಫೋಟೋ ಕಳಿಸುವ ಯೋಚನೆ ಇದ್ದರೆ ಬೇಡ.

ದುಂಡಗಿನ, ಮೂರು ಇಂಚು ಅಗಲದ ತಟ್ಟೆಯಂಥದ್ದನ್ನು ಕಿಲ್ಟ್ ಪಿನ್ನೆಂದು ಕೊಂಡುತರುವವರೂ ಇದ್ದಾರೆ. ಅದು ಪ್ಲ್ಯಾಡ್ ಬ್ರೋಚ್, ಎಡ ಹೆಗಲ ಮೇಲಿನ ವಸ್ತ್ರಕ್ಕೆ ಹಾಕುವುದು. ನಮ್ಮ ಸೇನೆಯ ಪೈಪ್ ಬ್ಯಾಂಡಿನವರ ಹೆಗಲು ನೋಡಿದವರಿಗೆ ನೆನಪಿರಬಹುದು. ಕಿಲ್ಟಿನ ಮೂಲೆಗೆ ಹಾಕಿದರೆ ದೋಸೆಕಲ್ಲು ನೇತುಹಾಕಿದಂತೆ.

ಹೆಂಗಸರ ಟಾರ್ಟನ್ ಸ್ಕರ್ಟಿನಲ್ಲಿ ಪಿನ್ನು ದೊಡ್ಡ ಸೇಫ್ಟಿ ಪಿನ್ನಿನ ಆಕಾರದ್ದೇ ಹೆಚ್ಚು. ತೆಳು ಬಟ್ಟೆ, ಗಿಡ್ಡ ಉದ್ದ, ಒಳಗೆ ಒಂದೇ ಗುಂಡಿ ಇದ್ದಾಗ ಪದರ ತೆರೆದುಕೊಳ್ಳುವ ಭಯ ನಿಜವೇ. ಅದಕ್ಕೆ ಒಳಗಡೆ ಒಂದು ಟಿಚ್ ಬಟನ್ ಹೊಲಿಸಿ, ಪಿನ್ನನ್ನು ಮೇಲಿನ ಪದರಕ್ಕಷ್ಟೇ ಬಿಡಿ. 1970ರ ದಶಕದ ಲಂಡನ್ನಿನ ಪಂಕ್ ಸಂಗೀತದ ಹುಚ್ಚಿನ ಹುಡುಗರು ಟಾರ್ಟನ್ನಿಗೆ ಕಂಡಕಂಡಲ್ಲಿ ಪಿನ್ನು ಚುಚ್ಚಿದ್ದು ನಿಜ. ಅವರಿಗೆ ಬಟ್ಟೆ ಹರಿದದ್ದೇ ಬೇಕಾಗಿತ್ತು.

ಸಂಜೆಯ ಕೇಲಿ ಎಂಬ ಸ್ಕಾಟಿಷ್ ಗುಂಪು ಕುಣಿತದಲ್ಲಿ ಜೋಡಿ ಹಿಡಿದು ಗಿರಗಿರ ಸುತ್ತುವಾಗ ಕತ್ತಿಯ ಹಿಡಿ, ಜಿಂಕೆಯ ಕೊಂಬು ಎದುರಿನವರ ಲೇಸಿಗೆ ಸಿಕ್ಕಿಕೊಳ್ಳುತ್ತವೆ. ಆಗ ಇಬ್ಬರೂ ಬಗ್ಗಿ ಬಿಡಿಸಿಕೊಳ್ಳುವ ದೃಶ್ಯ ಮದುವೆಯ ವಿಡಿಯೋದಲ್ಲಿ ಶಾಶ್ವತವಾಗಿರುತ್ತದೆ. ಕುಣಿಯುವ ಆಸೆ ಇದ್ದವರು ಮೂಲೆಗಳಿಲ್ಲದ ನಯವಾದ ಪಿನ್ನು ಆರಿಸಲಿ, ಇಲ್ಲವೇ ಕುಣಿತಕ್ಕೆ ಮುಂಚೆ ತೆಗೆದು ಸ್ಪೋರನ್ನಿನೊಳಗೆ ಹಾಕಿಕೊಳ್ಳಲಿ. ಚೀಲ ಇರುವುದು ಅದಕ್ಕೇ.

ಮನೆಗೆ ಬಂದಮೇಲೆ ಪಿನ್ನು ಹಾಗೇ ಬಿಟ್ಟು ಇಸ್ತ್ರಿ ಮಾಡಬೇಡಿ, ಅದರ ಅಚ್ಚು ಬಟ್ಟೆಯ ಮೇಲೆ ಮೂಡುತ್ತದೆ. ತೇವದಲ್ಲಿ ಬಿಟ್ಟರೆ ಉಕ್ಕಿನ ಸೂಜಿ ತುಕ್ಕಿನ ಕಲೆ ಉಳಿಸುತ್ತದೆ. ಬಾಡಿಗೆಯದಾದರೆ ಚೀಲಕ್ಕೆ ಹಾಕುವ ಮುನ್ನ ಬಲ ಮೂಲೆಯನ್ನು ಒಮ್ಮೆ ಮುಟ್ಟಿ ನೋಡಿ. ಕೋಟು, ಬೂಟು, ಸ್ಪೋರನ್ ಎಲ್ಲ ಎಣಿಸಿ, ಸಹಿ ಹಾಕಿ, ಮುಂಗಡ ವಾಪಸು ಪಡೆದು ಖುಷಿಯಿಂದ ಬಸ್ಸು ಹತ್ತುತ್ತೀರಿ. ನಿಮ್ಮದೇ ದುಡ್ಡಿನ ಬೆಳ್ಳಿ ಪಿನ್ನು ಅಷ್ಟರಲ್ಲಿ ಬಾಡಿಗೆ ಕಿಲ್ಟಿನ ಜೊತೆ ಮುಂದಿನ ಶನಿವಾರದ ಮದುವೆಗೆ ಹೊರಟಿರುತ್ತದೆ.